ದೋಣಿಯ ದೀಪವೂ ರೇಡಿಯೋದ ಕಿವಿಯೂ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಹಣತೆಯ ಕಾಲದಲ್ಲಿ ಹುಟ್ಟಿದ ಈ ಮಾತು ಎಲ್. ಇ. ಡಿ. ದೀಪದ ಕಾಲದಲ್ಲಿ ಸುಳ್ಳಾಯಿತೆಂದು ಯಾರಿಗಾದರೂ ತೋರಬಹುದು. ಈ ದೀಪಕ್ಕೆ ಎಣ್ಣೆಯ ಬಟ್ಟಲೂ ಇಲ್ಲ, ಬಟ್ಟಲಿನ ನೆರಳೂ ಇಲ್ಲ. ಆದರೆ ಕಡಲಿನ ಮೇಲೆ ದೋಣಿ ನಡೆಸುವವರು ಈಚಿನ ವರ್ಷಗಳಲ್ಲಿ ಕಂಡುಕೊಂಡ ಸಂಗತಿಯೊಂದನ್ನು ಕೇಳಿದರೆ, ಗಾದೆಯು ಹೊಸದೊಂದು ಅರ್ಥದಲ್ಲಿ ನಿಜವಾಗಿಯೇ ಉಳಿದಿದೆಯೆನ್ನಬೇಕಾಗುತ್ತದೆ. ಈ ದೀಪದ ಬುಡದ ಕತ್ತಲೆಯು ಕಣ್ಣಿಗೆ ಸಂಬಂಧಪಟ್ಟದ್ದಲ್ಲ, ಕಿವಿಗೆ ಸಂಬಂಧಪಟ್ಟದ್ದು. ಆ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ದೋಣಿಯವರು ಈ ದೀಪವನ್ನು ಏಕೆ ಮೆಚ್ಚಿದರೆಂಬುದನ್ನು ಮೊದಲು ನೋಡೋಣ. ಕಡಲಿನ ಮೇಲೆ ಸಣ್ಣ ದೋಣಿಗೆ ಬ್ಯಾಟರಿಯೊಂದೇ ಗತಿ. 12 ವೋಲ್ಟಿನ ಬ್ಯಾಟರಿಯಿಂದ ಉರಿಯುವ 25 ವಾಟಿನ ಹಳೆಯ ಬಲ್ಬು ಸುಮಾರು 2 ಆಂಪೇರ್ ವಿದ್ಯುತ್ತನ್ನು ಎಳೆಯುತ್ತದೆ; 10 ಗಂಟೆಯ ರಾತ್ರಿಗೆ 20 ಆಂಪೇರ್-ಗಂಟೆಗೂ ತುಸು ಹೆಚ್ಚೇ ಆಯಿತು. 100 ಆಂಪೇರ್-ಗಂಟೆಯ ಸಾಮಾನ್ಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಂದುತ್ತದೆ. ಆದಕಾರಣ, ಬಳಸಬಹುದಾದ ಶಕ್ತಿಯ ಐದು ಪಾಲಿನಲ್ಲಿ ಎರಡು ಪಾಲನ್ನು ಒಂದೇ ದೀಪವು ನುಂಗಿಬಿಡುವುದು. ಅದೇ ಜಾಗದಲ್ಲಿ 3 ವಾಟಿನ ಎಲ್. ಇ. ಡಿ. ದೀಪವನ್ನು ಇಟ್ಟರೆ ಇಡೀ ರಾತ್ರಿಗೆ ಎರಡೂವರೆ ಆಂಪೇರ್-ಗಂಟೆ ಸಾಕು. ಇಂಥ ಉಳಿತಾಯವನ್ನು ಯಾವ ನಾವಿಕನು ತಾನೇ ಬೇಡವೆಂದಾನು?

ಬಾಳಿಕೆಯ ಮಾತಿಗೆ ಬಂದರೆ, ಬೆಳಗುವ ಹರಳು ಹತ್ತಾರು ಸಾವಿರ ಗಂಟೆ ಬಾಳುವುದು ದಿಟ. ಆದರೆ ದೀಪವೆಂದರೆ ಹರಳೊಂದೇ ಅಲ್ಲ. ದೋಣಿಯ ವಿದ್ಯುತ್ತಿನ ಒತ್ತಡವು ಒಂದೇ ಸಮನಾಗಿರುವುದಿಲ್ಲ; ಬ್ಯಾಟರಿ ಬರಿದಾಗುತ್ತ ಬಂದಾಗ 12 ವೋಲ್ಟಿಗಿಂತ ಕೆಳಗಿಳಿಯುತ್ತದೆ, ಎಂಜಿನು ಓಡಿ ಬ್ಯಾಟರಿ ತುಂಬುವಾಗ 14 ವೋಲ್ಟನ್ನು ಮೀರುತ್ತದೆ. ಹರಳಾದರೋ ಬಲು ನಾಜೂಕು. ಹೆಚ್ಚು ಪ್ರವಾಹ ಹರಿದರೆ ಕಾದು ಬೇಗನೆ ಕೆಡುತ್ತದೆ. ಇದನ್ನು ತಡೆಯಲು ಎರಡು ಉಪಾಯಗಳುಂಟು. ಒಂದು, ಪ್ರವಾಹಕ್ಕೆ ಅಡ್ಡವಾಗಿ ಬರಿಯ ರೋಧಕವನ್ನಿಡುವುದು. ಇದು ಅಗ್ಗ; ಆದರೆ ಒತ್ತಡ ಏರಿದಂತೆಲ್ಲ ಹರಳು ಕಾಯುತ್ತದೆ, ಇಳಿದಂತೆಲ್ಲ ಬೆಳಕು ಮಂಕಾಗುತ್ತದೆ. ಇನ್ನೊಂದು, ಪ್ರವಾಹವನ್ನು ಸದಾ ಸಮನಾಗಿರಿಸುವ ಒಂದು ಪುಟ್ಟ ಯಂತ್ರವನ್ನು ದೀಪದೊಳಗೇ ಅಡಗಿಸುವುದು. ಇದಕ್ಕೆ ಡ್ರೈವರು ಎಂದು ಹೆಸರು. ಒಳ್ಳೆಯ ಡ್ರೈವರುಳ್ಳ ದೀಪವು 10 ವೋಲ್ಟಿನಿಂದ 30 ವೋಲ್ಟಿನವರೆಗೂ ಒಂದೇ ಸಮನೆ ಬೆಳಗಬಲ್ಲದು.

ಬಾಳಿಕೆಯನ್ನು ಕೊಡುವ ಈ ಡ್ರೈವರಿನಲ್ಲಿಯೇ ನಾವು ಹೇಳಹೊರಟ ಕೇಡು ಅಡಗಿದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹರಿಯಗೊಟ್ಟು, ಅಷ್ಟೇ ಸಲ ತಡೆದು, ತನ್ನ ಕೆಲಸವನ್ನು ನಡೆಸುತ್ತದೆ. ತಂಬೂರಿಯ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಮೇಲಿನ ಸ್ವರಗಳೂ ಹೊಮ್ಮುವುದನ್ನು ಸಂಗೀತ ಬಲ್ಲವರು ಅರಿಯರೆ? ಅದೇ ರೀತಿಯಲ್ಲಿ ಈ ಕಡಿತದ ವೇಗಕ್ಕೆ ಎರಡು ಮಡಿ, ಮೂರು ಮಡಿ, ಕಡೆಗೆ ನೂರಾರು ಮಡಿ ವೇಗದ ವಿದ್ಯುದಲೆಗಳೂ ಹುಟ್ಟುತ್ತವೆ. ದೀಪಕ್ಕೆ ಹೋಗುವ ಉದ್ದನೆಯ ತಂತಿಗಳು ಏರಿಯಲ್ಲಿನಂತೆ ವರ್ತಿಸಿ ಅವನ್ನು ಸುತ್ತಲೂ ಹರಡುತ್ತವೆ.

ಹಡಗುಗಳು ಮಾತನಾಡುವ ವಿ. ಎಚ್. ಎಫ್. ರೇಡಿಯೋ 156ರಿಂದ 162 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುತ್ತದೆ. ಅಪಾಯದ ಕರೆಗೆ ಮೀಸಲಾದ 16ನೆಯ ಚಾನೆಲ್ಲು 156.8 ಮೆಗಾಹರ್ಟ್ಸಿನದು. ಹಡಗು ಹಡಗಿಗೆ ತನ್ನ ಹೆಸರನ್ನೂ ಜಾಗವನ್ನೂ ತಾನಾಗಿಯೇ ತಿಳಿಸುವ ಎ. ಐ. ಎಸ್. ಎಂಬ ಏರ್ಪಾಡು 161.975 ಮತ್ತು 162.025 ಮೆಗಾಹರ್ಟ್ಸುಗಳಲ್ಲಿ ನಡೆಯುತ್ತದೆ. ದೀಪದ ಗದ್ದಲವು ಈ ಸೀಮೆಯವರೆಗೂ ಏರಿಬರಬಲ್ಲದು. ಹಾಯಿದೋಣಿಗಳಲ್ಲಂತೂ ದೀಪವೂ ರೇಡಿಯೋದ ಏರಿಯಲ್ಲೂ ಕೂವೆಮರದ ತುದಿಯಲ್ಲಿ ಗೇಣಂತರದಲ್ಲಿಯೇ ನಿಂತಿರುವುದುಂಟು. ಕಿವಿಯ ಪಕ್ಕದಲ್ಲಿ ನಗಾರಿ ಬಾರಿಸುತ್ತಿದ್ದರೆ ದೂರದವರ ಪಿಸುಮಾತು ಕೇಳೀತೆ?

ಇದು ಬರಿಯ ಊಹೆಯಲ್ಲ. 2018ನೆಯ ಇಸವಿಯ ಆಗಸ್ಟಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಕರಾವಳಿ ಕಾವಲುಪಡೆಯು ಇದೇ ವಿಷಯವಾಗಿ ನಾವಿಕರಿಗೆ ಎಚ್ಚರಿಕೆಯೊಂದನ್ನು ಹೊರಡಿಸಿತು. ಹಡಗುಗಳ ಸಂಚಾರವನ್ನು ಬೇರ್ಪಡಿಸಿರುವ ಜಲಮಾರ್ಗದಲ್ಲಿ ಒಂದು ಘಟನೆ ನಡೆದಾಗ, ಬಂದರಿನ ರಕ್ಷಣಾ ಕೇಂದ್ರದವರು ಅದರಲ್ಲಿ ಸಿಕ್ಕಿಕೊಂಡ ಹಡಗನ್ನು ರೇಡಿಯೋದಲ್ಲಿ ಕರೆದರೂ ಸಂಪರ್ಕ ದೊರೆಯಲಿಲ್ಲವೆಂದೂ, ಆ ಹಡಗಿನ ಎ. ಐ. ಎಸ್. ಗ್ರಹಣವೂ ಬಹಳ ಕುಂದಿತ್ತೆಂದೂ ಅದರಲ್ಲಿ ಹೇಳಿದೆ. ಬೇರೆ ಬಂದರುಗಳ ಹಡಗುಗಳಲ್ಲಿಯೂ ಏರಿಯಲ್ಲಿನ ಬಳಿಯಿಟ್ಟ ಎಲ್. ಇ. ಡಿ. ದೀಪಗಳಿಂದ ಇಂಥದೇ ತೊಂದರೆ ಕಂಡುಬಂದಿತ್ತು.

ಈ ಕಿವುಡಿನ ಭಯಂಕರವಾದ ಗುಣವೇನೆಂದರೆ, ಅದು ತನ್ನನ್ನು ತೋರಗೊಡುವುದಿಲ್ಲ. ಇವರಾಡಿದ ಮಾತು ಎಂದಿನಂತೆ ದೂರ ಮುಟ್ಟುತ್ತದೆ. ದೂರದಿಂದ ಬರುವ ಮಾತು ಮಾತ್ರ ಇವರಿಗೆ ಮುಟ್ಟುವುದಿಲ್ಲ. ಅದಲ್ಲದೆ ಈ ರೇಡಿಯೋಗಳಲ್ಲಿ ಕರೆಯಿಲ್ಲದಾಗಿನ ಬುಸುಗುಟ್ಟುವಿಕೆಯನ್ನು ಅಡಗಿಸಲು ಸ್ಕ್ವೆಲ್ಚ್ ಎಂಬ ಗುಂಡಿಯಿರುತ್ತದೆ. ದೀಪ ಹಚ್ಚಿದ ಮೇಲೆ ಸದ್ದು ಹೆಚ್ಚಿದರೆ, ನಾವಿಕನು ಬೇಸತ್ತು ಆ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಸದ್ದು ನಿಲ್ಲುತ್ತದೆ; ಅದರೊಡನೆ ಕ್ಷೀಣವಾದ ಕರೆಗಳೂ ನಿಲ್ಲುತ್ತವೆ. ಮುಳುಗುವ ದೋಣಿಯವನ ಕರೆಯು ಹೆಚ್ಚಾಗಿ ಕ್ಷೀಣವಾದದ್ದೇ ಅಲ್ಲವೆ? ರಾತ್ರಿಯಲ್ಲಿ ದೀಪ ಉರಿಯಲೇಬೇಕು. ಕರೆ ಕೇಳಲೇಬೇಕಾದದ್ದೂ ಆಗಲೇ.

ಪರೀಕ್ಷೆಯು ಬಹು ಸುಲಭ. ಆ ಎಚ್ಚರಿಕೆಯಲ್ಲಿಯೇ ಅದನ್ನು ಕೊಟ್ಟಿದ್ದಾರೆ. ದೀಪಗಳನ್ನೆಲ್ಲ ಆರಿಸಿ, ರೇಡಿಯೋವನ್ನು ಯಾರೂ ಮಾತನಾಡದಿರುವ ಚಾನೆಲ್ಲಿಗೆ ತಿರುಗಿಸಬೇಕು. ಸ್ಕ್ವೆಲ್ಚಿನ ಗುಂಡಿಯನ್ನು ಬುಸುಗುಟ್ಟುವ ಸದ್ದು ಕೇಳುವಷ್ಟು ಸಡಿಲಿಸಿ, ಮತ್ತೆ ಆ ಸದ್ದು ಆಗತಾನೇ ಅಡಗುವಷ್ಟಕ್ಕೆ ಬಿಗಿಮಾಡಬೇಕು. ಈಗ ದೀಪವನ್ನು ಹಚ್ಚಬೇಕು. ಸದ್ದು ಮರಳಿ ಬಂದರೆ ದೀಪವೇ ಅಪರಾಧಿ. ದೀಪಗಳನ್ನು ಒಂದೊಂದಾಗಿ ಹಚ್ಚಿ ನೋಡಿದರೆ ತಪ್ಪಿತಸ್ಥ ಯಾವುದೆಂಬುದೂ ಗೊತ್ತಾಗುವುದು.

ಪರಿಹಾರವೂ ಇಲ್ಲದಿಲ್ಲ. ಲೋಹದ ಕವಚವೂ ಗದ್ದಲ ಸೋಸುವ ಭಾಗಗಳೂ ಉಳ್ಳ ಡ್ರೈವರಿನ ದೀಪವನ್ನೇ ಕೊಳ್ಳುವುದು ಉತ್ತಮ. ಹಡಗಿನ ಉಪಕರಣಗಳಿಗಾಗಿ ಐ. ಇ. ಸಿ. 60945 ಎಂಬ ಅಂತರರಾಷ್ಟ್ರೀಯ ಗುಣಮಟ್ಟವುಂಟು; ಅದು 156ರಿಂದ 165 ಮೆಗಾಹರ್ಟ್ಸಿನ ಸೀಮೆಯಲ್ಲಿ ವಿಶೇಷ ಬಿಗಿಯಾದ ಮಿತಿಯನ್ನು ಹಾಕಿದೆ. ಮನೆಯ ದೀಪಗಳ ನಿಯಮದಲ್ಲಿ ಅಷ್ಟು ಬಿಗಿಯಿಲ್ಲವಾದುದರಿಂದ, ಮನೆಗೆ ಸರಿಹೋದ ದೀಪವು ದೋಣಿಗೂ ಸರಿಹೋದೀತೆಂದು ನಂಬಬಾರದು. ದೀಪವನ್ನು ಏರಿಯಲ್ಲಿನಿಂದ ಆದಷ್ಟು ದೂರವಿಡುವುದು, ಅದರ ಎರಡು ತಂತಿಗಳನ್ನು ಹುರಿಯಂತೆ ಹೊಸೆಯುವುದು, ದೀಪದ ಬಳಿಯಲ್ಲಿ ತಂತಿಗೆ ಫೆರೈಟ್ ಬಳೆಯನ್ನು ತೊಡಿಸುವುದು, ಇವುಗಳಿಂದಲೂ ಗುಣವುಂಟು. ಇವನ್ನೆಲ್ಲ ಮಾಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಇನ್ನೊಂದು ಎಚ್ಚರವೂ ಬೇಕು. ಹಳೆಯ ಬಲ್ಬು ಕೆಟ್ಟರೆ ಒಮ್ಮೆಲೇ ಆರುತ್ತದೆ, ಎಲ್. ಇ. ಡಿ. ದೀಪವು ಮೆಲ್ಲಮೆಲ್ಲನೆ ಮಂಕಾಗುತ್ತದೆ. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 12ರಿಂದ 20 ಮೀಟರ್ ಉದ್ದದ ದೋಣಿಯ ಎಡಬಲದ ಕೆಂಪು ಹಸಿರು ದೀಪಗಳು 2 ಕಡಲ ಮೈಲಿಯ ದೂರಕ್ಕೆ ಕಾಣಿಸಬೇಕು. ಉರಿಯುತ್ತಿದೆ ಎಂದಮಾತ್ರಕ್ಕೆ ದೀಪವು ಅಷ್ಟು ದೂರ ಕಾಣುತ್ತಿದೆಯೆಂದು ಅರ್ಥವಲ್ಲ. ಆದಕಾರಣವೇ 2007ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು, ಹಡಗಿನ ಇಂಥ ದೀಪಗಳ ಬೆಳಕು ಮಿತಿಗಿಂತ ಕುಂದಿದಾಗ ಎಚ್ಚರಿಸುವ ಗಂಟೆಯಿರಬೇಕು, ಇಲ್ಲವೆ ತಯಾರಕರು ಗೊತ್ತುಮಾಡಿದ ಅವಧಿಯವರೆಗೆ ಮಾತ್ರ ಅವನ್ನು ಬಳಸಬೇಕು ಎಂದು ವಿಧಿಸಿತು.

ನಮ್ಮ ಕರಾವಳಿಗೂ ಈ ಮಾತು ದೂರದ್ದಲ್ಲ. ಮಲ್ಪೆ, ಮಂಗಳೂರುಗಳಿಂದ ಹಲವು ದಿನಗಳ ಮಟ್ಟಿಗೆ ಆಳಕಡಲಿಗೆ ಹೋಗುವ ಮೀನುದೋಣಿಗಳಲ್ಲಿಯೂ ವಿ. ಎಚ್. ಎಫ್. ರೇಡಿಯೋ ಇರುತ್ತದೆ. ಹೊರಡುವ ಮುನ್ನ ಐದು ನಿಮಿಷದ ಈ ಪರೀಕ್ಷೆಗೆ ಕಾಸಿನ ವೆಚ್ಚವೂ ಇಲ್ಲ. ಮನೆಯಲ್ಲಿರುವ ವಾಚಕರೂ ಇದರ ನಿಜವನ್ನು ತಾವೇ ಅರಿಯಬಹುದು. ಮಧ್ಯಮ ತರಂಗದ ರೇಡಿಯೋವನ್ನು ಎರಡು ನಿಲಯಗಳ ನಡುವಿನ ಮೌನಕ್ಕೆ ತಿರುಗಿಸಿ, ಎಲ್. ಇ. ಡಿ. ಬಲ್ಬುಗಳನ್ನು ಒಂದೊಂದಾಗಿ ಅದರ ಸಮೀಪದಲ್ಲಿ ಹಚ್ಚಿ ನೋಡಲಿ. ಕೆಲವು ಸುಮ್ಮನಿದ್ದರೆ, ಕೆಲವು ಗೊರಗೊರನೆ ಗದ್ದಲವೆಬ್ಬಿಸಬಹುದು. ಮನೆಯಲ್ಲಿ ಇದರಿಂದ ವಾರ್ತೆಯೋ ಹಾಡೋ ಕೆಟ್ಟೀತು, ಅಷ್ಟೆ. ಕಡಲಿನಲ್ಲಿ ಕೆಡುವುದು ಇನ್ನೊಬ್ಬನ ಮೊರೆ. ಹೊಸ ದೀಪವನ್ನು ನಾವು ಬೇಡವೆನ್ನುವುದಿಲ್ಲ. ಕಣ್ಣಿನಿಂದ ನೋಡಿ ಮೆಚ್ಚಿದ ದೀಪವನ್ನು, ಕೂವೆಮರಕ್ಕೆ ಏರಿಸುವ ಮುನ್ನ, ಕಿವಿಯಿಂದಲೂ ಒಮ್ಮೆ ಒರೆಹಚ್ಚಿ ನೋಡಬೇಕೆಂದಷ್ಟೇ ನಮ್ಮ ಅರಿಕೆ.