ನೀಲಿ ಪರದೆ ಮತ್ತು ತಾಳೆಯಾಗದ ಲೆಕ್ಕ

ಮಕ್ಕಳೇ, ನಿಮ್ಮ ಮನೆಯ ಕಂಪ್ಯೂಟರ್ ಎಂದಾದರೂ ನಿಮಗೆ ಅಳುಮೋರೆ ತೋರಿಸಿದೆಯೇ? ಕಳೆದ ಭಾನುವಾರ ನಮ್ಮದು ತೋರಿಸಿತು.

ನಮ್ಮ ಲ್ಯಾಪ್‌ಟಾಪ್‌ನಲ್ಲಿದ್ದದ್ದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. "ಹನ್ನೊಂದು ಹಾಕಿಬಿಡೋಣ ತಾತ" ಎಂದಳು ಎಂಟನೇ ಕ್ಲಾಸಿನ ಮೊಮ್ಮಗಳು. ಹೂಂ ಎಂದು ಗುಂಡಿ ಒತ್ತಿದೆ. ಅರ್ಧಕ್ಕಿಂತ ಹೆಚ್ಚು ಕೆಲಸ ಆಗಿತ್ತು. ಇದ್ದಕ್ಕಿದ್ದಂತೆ ಪರದೆಯೆಲ್ಲ ನೀಲಿ. ಮೇಲೊಂದು ಅಳುಮೋರೆ, ಕೆಳಗೆ ಒಂದು ಸಾಲು ಇಂಗ್ಲಿಷ್.

"ಅಜ್ಜಿ ಹಾಡಿದ್ದನ್ನ ಬೇರೆ ಕಡೆ ಇಟ್ಟಿದ್ದೀಯಾ ತಾತ?" ಎಂದು ಕೇಳಿದಳು.

ಇಟ್ಟಿರಲಿಲ್ಲ. ನನ್ನವಳು ತೀರಿಕೊಂಡು ಎರಡು ವರ್ಷವಾಯಿತು. ಅವಳ ದನಿ ಇದ್ದದ್ದು ಆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಬ್ಯಾಂಕಿನಲ್ಲಿ ಪ್ರತಿಯೊಂದಕ್ಕೂ ನಕಲು ಇಟ್ಟು ಕೂದಲು ಬೆಳ್ಳಗಾದ ಗುಮಾಸ್ತ ನಾನು. ಮನೆಯಲ್ಲಿ ಮಾತ್ರ ಮರೆತಿದ್ದೆ. ಬಾಯಿ ಒಣಗಿತು.

ಯಂತ್ರ ತಾನಾಗಿಯೇ ನಿಂತು ಮತ್ತೆ ಶುರುವಾಯಿತು. ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಹಳೆಯ ವಿಂಡೋಸ್ 10ಕ್ಕೇ ಮರಳಿತು. ಹಾಡು ಇತ್ತು! ಮೊದಲ ಕೆಲಸವಾಗಿ ಅದನ್ನೂ ಫೋಟೋಗಳನ್ನೂ ಪೆನ್‌ಡ್ರೈವ್‌ಗೆ ಇಳಿಸಿ, ಅಲ್ಲಿಂದ ಸರಿಯಾಗಿ ಕೇಳಿಸುತ್ತದೆಯೇ ಎಂದು ನೋಡಿದೆವು. ಆಮೇಲೆ ಕಾಫಿ.

ಅಂದು ನನಗೆ ಅರ್ಥವಾದದ್ದು ಇಷ್ಟು. ನೀಲಿ ಪರದೆ ಎಂದರೆ ಕಂಪ್ಯೂಟರ್ ಸತ್ತಿತು ಎಂದಲ್ಲ. ಒಳಗೆ ಏನೋ ದೊಡ್ಡ ತಪ್ಪು ಕಂಡಾಗ, ಮುಂದುವರಿದರೆ ಇರುವುದೂ ಕೆಟ್ಟೀತು ಎಂದು ಅದು ಕೆಲಸ ನಿಲ್ಲಿಸುತ್ತದೆ. ನಮ್ಮ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವೂ ಹಾಗೇ ಕೂರುತ್ತಿದ್ದೆವು. ಹತ್ತು ಪೈಸೆ ವ್ಯತ್ಯಾಸವಾದರೂ ವೋಚರ್‌ಗಳನ್ನು ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬೇಕು. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ತಿದ್ದಿದರೆ ತಪ್ಪು ಎಲ್ಲಿತ್ತೆಂದು ಗೊತ್ತೇ ಆಗುವುದಿಲ್ಲ.

ಇಲ್ಲೂ ಅದೇ ಪಾಠ. ಎಲ್ಲ ತಂತಿ ಬಿಚ್ಚಿ ಇನ್ನೊಮ್ಮೆ ಪ್ರಯತ್ನಿಸಿದೆವು. ಮತ್ತೆ ನೀಲಿ. ಈ ಸಲ ಮೊಮ್ಮಗಳು ಹೆದರಲಿಲ್ಲ, ಕೆಳಗಿನ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್.' ಅದೇ ತಪ್ಪಿನ ಗುರುತು.

"ಡ್ರೈವರ್ ಅಂದ್ರೆ ಕಾರು ಓಡಿಸೋನಾ?" ಎಂದೆ. ಅವಳು ನಕ್ಕು ವಿವರಿಸಿದಳು. ಪ್ರಿಂಟರ್‌ನಂಥ ಸಾಧನಕ್ಕೂ ಕಂಪ್ಯೂಟರ್‌ಗೂ ನಡುವೆ ದುಭಾಷಿಯಂತಿರುವ ಪುಟ್ಟ ಪ್ರೋಗ್ರಾಂ ಅದು. ಯಾವುದೋ ದುಭಾಷಿ ಕೈ ಹಾಕಬಾರದ ಕಡೆ ಕೈ ಹಾಕಿದೆ ಎಂದು ಆ ಸಾಲಿನ ಅರ್ಥ.

ನಮ್ಮ ಹಳೆಯ ಪ್ರಿಂಟರ್‌ನ ತಂತಿ ಬಿಚ್ಚಿದ್ದೆವು, ಆದರೆ ಅದರ ಡ್ರೈವರ್ ಒಳಗೇ ಕುಳಿತಿತ್ತು. ಅದೊಂದನ್ನು ತೆಗೆದುಹಾಕಿದೆವು, ಬೇರೇನೂ ಮುಟ್ಟಲಿಲ್ಲ. ಮೂರನೆಯ ಸಲ ವಿಂಡೋಸ್ 11 ಸಲೀಸಾಗಿ ಕುಳಿತಿತು. ಲೆಕ್ಕ ತಾಳೆಯಾಯಿತು! ಪ್ರಿಂಟರ್‌ಗೆ ಹೊಸ ಡ್ರೈವರ್ ಆಮೇಲೆ ಹಾಕಿಕೊಂಡೆವು.

ನಮಗೆ ಮಾತ್ರ ಹೀಗಾಯಿತೆಂದು ನಾಚಬೇಕಿಲ್ಲ. 1998ರಲ್ಲಿ ಶಿಕಾಗೋದಲ್ಲಿ ಬಿಲ್ ಗೇಟ್ಸ್ ಅವರು ವಿಂಡೋಸ್ 98 ಅನ್ನು ತುಂಬಿದ ಸಭೆಗೆ ತೋರಿಸುತ್ತಿದ್ದಾಗ, ಜೊತೆಯವರು ಸ್ಕ್ಯಾನರ್ ಜೋಡಿಸಿದ್ದೇ ತಡ, ನೀಲಿ ಪರದೆ ಬಂತು. ಸಭೆ ನಕ್ಕಿತು. ಇನ್ನೂ ಮಾರಾಟಕ್ಕೆ ಬಿಡದಿರುವುದು ಇದಕ್ಕೇ ಇರಬೇಕು ಎಂದು ಅವರೂ ತಮಾಷೆ ಮಾಡಿದರು.

ಅಜ್ಜ ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಫೋಟೋ, ಹಾಡುಗಳಿಗೆ ಒಂದು ನಕಲು ಮಾಡಿಸಿ. ಮಕ್ಕಳೇ, ಅದನ್ನು ತೆರೆದು ತೋರಿಸುವವರೆಗೆ ಆಟಕ್ಕೆ ಹೋಗಬೇಡಿ. ನಮ್ಮ ಮನೆಯಲ್ಲೀಗ ಅಜ್ಜಿಯ ಹಾಡು ಮೂರು ಕಡೆ ಇದೆ. ಮೂರನೆಯದು ಮೊಮ್ಮಗಳ ಕಂಪಾಸ್ ಬಾಕ್ಸಿನ ಪೆನ್‌ಡ್ರೈವ್‌ನಲ್ಲಿ.