ಸರ ಹೋದರೂ ದೂರು ಬೇಡವೇ?

‘ದಾವಣಗೆರೆ ಏನು ಬೆಂಗಳೂರಾ? ಇಲ್ಲಿ ಅಂಥದ್ದೆಲ್ಲ ಆಗಲ್ಲ ಬಿಡ್ರಿ’ ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅಂಕಿ-ಅಂಶ ನೋಡಿದರೂ ಹಾಗೇ ಅನಿಸಬಹುದು. ಆದರೆ ಅಪರಾಧ ಪ್ರಮಾಣ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ದಾಖಲಾದವು ಎಂಬ ಲೆಕ್ಕ ಅಷ್ಟೇ. ದೂರು ಕೊಡದೆ ಉಳಿದದ್ದು ಅದರಲ್ಲಿ ಬರುವುದೇ ಇಲ್ಲ!

ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಕಷ್ಟ ಇರುವುದೇ ಅಲ್ಲಿ. ವಾಕಿಂಗ್ ಹೋದಾಗ ಯಾರೋ ಬೈಕಿನವನು ಸರ ಕಿತ್ತುಕೊಂಡು ಹೋದ ಅನ್ನಿ. ‘ಚಿನ್ನ ಹಾಕ್ಕೊಂಡು ಯಾಕೆ ಹೋಗಿದ್ದೆ?’ ಎಂಬ ಬೈಗುಳ ಮೊದಲು ಮನೆಯಲ್ಲೇ. ಆಮೇಲೆ ಸ್ಟೇಷನ್ನು, ಕೋರ್ಟು ಅಂತ ಅಲೆದಾಟ ಯಾಕೆ, ನಾಲ್ಕು ಜನ ಏನಂದಾರು ಎಂದು ಸುಮ್ಮನಾಗುತ್ತೇವೆ. ನಾಳೆ ಆ ರಸ್ತೆಗೆ ಪೊಲೀಸ್ ಗಸ್ತು ಬೇಕು, ಬೀದಿದೀಪ ಬೇಕು ಎಂದು ಕೇಳಲು ನಮ್ಮ ಕೈಲಿ ಏನಿರುತ್ತದೆ, ಹೇಳಿ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಹೀಗೆ ಕಿತ್ತುಕೊಂಡು ಹೋಗುವುದೇ ಪ್ರತ್ಯೇಕ ಅಪರಾಧ. 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕೂಡಲೇ 112ಕ್ಕೆ ಫೋನ್ ಮಾಡಿ. ಯಾವ ಠಾಣೆಯ ವ್ಯಾಪ್ತಿ ಎಂದು ತಲೆಕೆಡಿಸಿಕೊಳ್ಳಬೇಡಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಬರೆದುಕೊಳ್ಳಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ನೇರ ಎಸ್ಪಿಯವರಿಗೇ ಕಳಿಸಿ. ಹಾಂ, ಸರದ ರಸೀದಿ, ಅದನ್ನು ಹಾಕಿಕೊಂಡಿರುವ ಫೋಟೋ ಇದ್ದರೆ ಈಗಲೇ ಹುಡುಕಿ ಒಂದು ಕಡೆ ಇಡಿ. ಸರ ಸಿಕ್ಕರೆ ‘ಇದು ನಂದೇ’ ಎಂದು ತೋರಿಸಲು ಬೇಕಾಗುತ್ತದೆ.