ಎಷ್ಟು ಪಟ್ಟು ಎಂದು ಕೇಳಬೇಡಿ, ಬಾಯಿ ಎಷ್ಟು ಅಗಲ ಎಂದು ಕೇಳಿ

ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದ ಆಕಾಶ ವೀಕ್ಷಣೆಯ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಶಾಲೆಯ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಒಂದು ದೂರದರ್ಶಕ ಕೊಡಿಸಿದ್ದರು. ಪೆಟ್ಟಿಗೆಯ ಮೇಲೆ ಉಂಗುರ ಸಹಿತ ಶನಿಗ್ರಹದ ಬಣ್ಣದ ಚಿತ್ರ. ಅದರ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ '525 ಪಟ್ಟು ದೊಡ್ಡದಾಗಿ ಕಾಣುತ್ತದೆ' ಎಂಬ ಘೋಷಣೆ. ಸಂಜೆ ಏಳರ ಹೊತ್ತಿಗೆ ಮಕ್ಕಳ ಜೊತೆ ಊರಿನ ಹಿರಿಯರೂ ಶಾಲೆಯ ಅಂಗಳದಲ್ಲಿ ಸೇರಿದ್ದರು.

ವಿಜ್ಞಾನದ ಮೇಷ್ಟ್ರು 525 ಪಟ್ಟು ತೋರಿಸುವ ಜೋಡಣೆಯನ್ನೇ ಹಾಕಿ, ಬಹಳ ಹೊತ್ತು ಹೆಣಗಿ ಗುರುಗ್ರಹವನ್ನು ಹಿಡಿದರು. ಮಕ್ಕಳು ಸಾಲಾಗಿ ಬಂದರು. ಆರನೆಯ ತರಗತಿಯ ಹುಡುಗಿಯೊಬ್ಬಳು ಕೊಳವೆಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡಿ, "ಕಾಣ್ತು ಸಾರ್" ಎಂದು ಪಕ್ಕಕ್ಕೆ ಸರಿದಳು. ಅವಳ ಹಿಂದೆ ನಾನು ನೋಡಿದೆ. ಗುರುಗ್ರಹ ಅದಾಗಲೇ ನೋಟದಿಂದ ಜಾರಿತ್ತು. ಅಲ್ಲಿ ಇದ್ದದ್ದು ಬರೀ ಕತ್ತಲೆ. ಅವಳಿಗೆ ಏನೂ ಕಂಡಿರಲಿಲ್ಲ. ಅವಳಿಗಿಂತ ಮುಂಚೆ "ಕಾಣ್ತು" ಎಂದವರಲ್ಲಿ ಎಷ್ಟು ಜನಕ್ಕೆ ಕಂಡಿತ್ತೋ!

ಈ ಲೇಖನ ಬರೆಯಲು ಆ "ಕಾಣ್ತು ಸಾರ್" ಎಂಬ ಮಾತೇ ಕಾರಣ. ಕಾಣದಿದ್ದುದನ್ನು ಕಂಡೆ ಎನ್ನುವುದನ್ನು ವಿಜ್ಞಾನದ ಕಾರ್ಯಕ್ರಮವೇ ಮಕ್ಕಳಿಗೆ ಕಲಿಸಿದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ತಪ್ಪು ಮಗುವಿನದಲ್ಲ, ಮೇಷ್ಟ್ರದೂ ಅಲ್ಲ, ಕೈಯಿಂದ ಹಣ ಹಾಕಿದ ಹಳೆಯ ವಿದ್ಯಾರ್ಥಿಗಳದಂತೂ ಖಂಡಿತ ಅಲ್ಲ. ಅಂಗಡಿಯಲ್ಲಿ ಕೇಳಿದ ಪ್ರಶ್ನೆ ತಪ್ಪಾಗಿತ್ತು. 'ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?' ಎಂದು ಕೇಳಿದ್ದರು.

525 ಎಂಬುದು ಸುಳ್ಳು ಲೆಕ್ಕವಲ್ಲ ಎಂಬುದೇ ಇಲ್ಲಿನ ತಮಾಷೆ. ದೂರದರ್ಶಕದ ಮುಂದಿನ ಮಸೂರದ ಸಂಗಮದೂರವನ್ನು ಕಣ್ಣಿನ ಬಳಿಯ ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಆ ದೂರದರ್ಶಕದ ಮಸೂರದ ವ್ಯಾಸ 60 ಮಿ.ಮೀ., ಸಂಗಮದೂರ 700 ಮಿ.ಮೀ. ಇತ್ತು. 4 ಮಿ.ಮೀ. ನೇತ್ರಕ ಹಾಕಿದರೆ 175 ಪಟ್ಟು. ನಡುವೆ ಬಾರ್ಲೋ ಎಂಬ, ವರ್ಧನೆಯನ್ನು ಮೂರು ಪಟ್ಟು ಮಾಡುವ ಇನ್ನೊಂದು ಮಸೂರ ಸೇರಿಸಿದರೆ 525! ಇದೇ ರೀತಿ ಮಸೂರದ ಮೇಲೆ ಮಸೂರ ಪೇರಿಸುತ್ತ ಹೋದರೆ ಸಾವಿರ ಪಟ್ಟನ್ನೂ ದಾಟಬಹುದು. ಆದರೆ ಕಾಣುವುದೇನು?

ದೂರದರ್ಶಕದ ಬಾಯಿಯೊಳಗೆ ಬಂದ ಬೆಳಕು ಇಷ್ಟೇ ಎಂದು ನಿಗದಿಯಾಗಿದೆ. ಬಿಂಬವನ್ನು ಹಿಗ್ಗಿಸಿದಷ್ಟೂ ಆ ಬೆಳಕೇ ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ, ಒಂದು ಲೋಟ ಮಜ್ಜಿಗೆಗೆ ಬಿಂದಿಗೆ ನೀರು ಬೆರೆಸಿದ ಹಾಗೆ. ಜೊತೆಗೆ ಗಾಳಿಯ ಕಂಪನ, ಸ್ಟ್ಯಾಂಡಿನ ಅಲುಗಾಟ ಎಲ್ಲವೂ ಅಷ್ಟೇ ಪಟ್ಟು ಹಿಗ್ಗುತ್ತವೆ. ಅನುಭವಿಗಳು ಒಂದು ಸರಳ ಮಿತಿ ಹೇಳುತ್ತಾರೆ: ಬಾಯಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿ, ಅದಕ್ಕಿಂತ ಹೆಚ್ಚಿನ ವರ್ಧನೆ ಉಪಯೋಗಕ್ಕೆ ಬಾರದು. 60 ಮಿ.ಮೀ.ಗೆ 120 ಪಟ್ಟು. ಅದೂ ಗಾಳಿ ಶಾಂತವಾಗಿದ್ದ ರಾತ್ರಿ.

ಶಾಲೆಗಳಿಗೆ ಇನ್ನೊಂದು ತೊಂದರೆಯಿದೆ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತದೆ. 525 ಪಟ್ಟಿನಲ್ಲಿ ಗ್ರಹವೊಂದು ನೋಟದ ವೃತ್ತವನ್ನು ಅರ್ಧ ನಿಮಿಷದೊಳಗೆ ದಾಟಿ ಹೋಗುತ್ತದೆ. ಒಂದು ಮಗು ನೋಡಿ ಇನ್ನೊಂದು ಮಗು ಬರುವಷ್ಟರಲ್ಲಿ ಅದು ಮಾಯ. ಅದೇ 35 ಪಟ್ಟಿನಲ್ಲಿ ನಾಲ್ಕೈದು ನಿಮಿಷ ನಿಲ್ಲುತ್ತದೆ. ನಲವತ್ತು ಮಕ್ಕಳ ಸಾಲು ಇರುವಲ್ಲಿ ಯಾವುದು ಬೇಕು, ನೀವೇ ಹೇಳಿ.

ಆ ರಾತ್ರಿ ನಾವು ಮಾಡಿದ್ದೂ ಅಷ್ಟೇ. ಬಾರ್ಲೋ ಮಸೂರ, 4 ಮಿ.ಮೀ. ನೇತ್ರಕ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡು 20 ಮಿ.ಮೀ. ನೇತ್ರಕ ಹಾಕಿದೆವು. 35 ಪಟ್ಟು ಮಾತ್ರ. ಪುಟ್ಟದೊಂದು ಚೊಕ್ಕ ಬಿಲ್ಲೆ, ಅದರ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಚುಕ್ಕೆಗಳು. ಅದೇ ಹುಡುಗಿಯನ್ನು ಮತ್ತೆ ಕರೆದೆ. ಈ ಸಲ ಅವಳು ಕಣ್ಣು ತೆಗೆಯಲೇ ಇಲ್ಲ. ಕೊನೆಗೆ, "ಪುಸ್ತಕದಲ್ಲಿ ನಾಲ್ಕು ಚಂದ್ರ ಅಂತ ಇದೆ, ಮೂರೇ ಇದಾವಲ್ಲ ಸಾರ್?" ಎಂದಳು. ನಾಲ್ಕನೆಯದು ಗುರುವಿನ ಹಿಂದೆಯೋ ಮುಂದೆಯೋ ಇತ್ತು. 1610ರ ಜನವರಿಯಲ್ಲಿ ಗೆಲಿಲಿಯೋ ಕೂಡ ಮೊದಲ ರಾತ್ರಿ ಕಂಡದ್ದು ಮೂರನ್ನೇ. ಅವನ ದೂರದರ್ಶಕದ ವರ್ಧನೆ ಸುಮಾರು 20 ಪಟ್ಟು.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಬಾಯಿಯ ಅಗಲ. ಅಂದರೆ ಮುಂದಿನ ಮಸೂರದ ಅಥವಾ ಒಳಗಿನ ನಿಮ್ನ ದರ್ಪಣದ ವ್ಯಾಸ. ಮಳೆಗಾಲದಲ್ಲಿ ಅಂಗಳದಲ್ಲಿಟ್ಟ ಪಾತ್ರೆಯ ಬಾಯಿ ಅಗಲವಾದಷ್ಟೂ ಹೆಚ್ಚು ನೀರು ತುಂಬುವಂತೆ, ಬಾಯಿ ಅಗಲವಾದಷ್ಟೂ ಹೆಚ್ಚು ಬೆಳಕು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಸುಮಾರು 7 ಮಿ.ಮೀ. ಅಗಲವಾಗುತ್ತದೆ. ವ್ಯಾಸಗಳ ವರ್ಗವನ್ನು ಹೋಲಿಸಿ ನೋಡಿ: 60 ಮಿ.ಮೀ. ಮಸೂರ ಕಣ್ಣಿಗಿಂತ ಸುಮಾರು 73 ಪಟ್ಟು ಬೆಳಕು ಹಿಡಿಯುತ್ತದೆ, 114 ಮಿ.ಮೀ. ದರ್ಪಣ ಸುಮಾರು 265 ಪಟ್ಟು. ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪ್ಪು ವೀಕ್ಷಣಾಲಯದ ದೊಡ್ಡ ದೂರದರ್ಶಕವನ್ನು ಖಗೋಳಜ್ಞರು 'ಇಷ್ಟು ಪಟ್ಟಿನದು' ಎಂದು ಕರೆಯುವುದಿಲ್ಲ, '2.34 ಮೀಟರಿನದು' ಎನ್ನುತ್ತಾರೆ. ಅದು ದರ್ಪಣದ ವ್ಯಾಸ.

ಎರಡನೆಯ ಪ್ರಶ್ನೆ ಸ್ಟ್ಯಾಂಡಿನದು. ಅಂಗಡಿಯಲ್ಲೇ ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ನೋಡಿ. ಬಿಂಬದ ನಡುಕ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಸರಿ. ಕಡ್ಡಿಯಂಥ ಅಲ್ಯೂಮಿನಿಯಂ ಕಾಲುಗಳ ಮೇಲೆ ನಿಂತ ಒಳ್ಳೆಯ ದೂರದರ್ಶಕಕ್ಕಿಂತ ಗಟ್ಟಿ ಸ್ಟ್ಯಾಂಡಿನ ಸಾಧಾರಣ ದೂರದರ್ಶಕವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹಣದ ಮಾತು. ಶಾಲೆಯಲ್ಲಿ ಐದಾರು ಸಾವಿರ ರೂಪಾಯಿ ಮಾತ್ರ ಇದ್ದರೆ ದೂರದರ್ಶಕದ ಆಸೆಯನ್ನು ಸದ್ಯಕ್ಕೆ ಬಿಡಿ. ಒಂದು ಬೈನಾಕ್ಯುಲರ್ ಕೊಳ್ಳಿ. ಇದನ್ನು ಹೇಳಿದಾಗಲೆಲ್ಲ ಶಿಕ್ಷಕ ಮಿತ್ರರ ಮುಖ ಸಪ್ಪಗಾಗುತ್ತದೆ. 'ಅದರಲ್ಲಿ ಶನಿಯ ಉಂಗುರ ಕಾಣುವುದಿಲ್ಲವಲ್ಲ' ಎನ್ನುತ್ತಾರೆ. ನಿಜ, ಕಾಣುವುದಿಲ್ಲ. ಆದರೆ 10x50 ಎಂದು ಬರೆದಿರುವ ಬೈನಾಕ್ಯುಲರಿನಲ್ಲಿ (10 ಎಂದರೆ ವರ್ಧನೆ, 50 ಎಂದರೆ ಮಿಲಿಮೀಟರಿನಲ್ಲಿ ಬಾಯಿಯ ವ್ಯಾಸ) ಚಂದ್ರನ ಕುಳಿಗಳು ಕಾಣುತ್ತವೆ. ಬರಿಗಣ್ಣಿಗೆ ಆರೇಳಾಗಿ ಕಾಣುವ ಕೃತ್ತಿಕೆಯ ನಕ್ಷತ್ರಗಳು ಹತ್ತಾರಾಗುತ್ತವೆ. ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ, 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೀಡ ಗ್ಯಾಲಕ್ಸಿ ಮಬ್ಬು ಮೋಡದ ತುಣುಕುಗಳಂತೆ ಸಿಗುತ್ತವೆ. ಕಂಬಕ್ಕೋ ಸ್ಟ್ಯಾಂಡಿಗೋ ಆನಿಸಿ ಹಿಡಿದರೆ ಗುರುವಿನ ಚಂದ್ರರೂ ಕಾಣುತ್ತವೆ. ಬಿಂಬ ತಲೆಕೆಳಗಾಗದು. ಹಗಲಿನಲ್ಲಿ ಅದೇ ಉಪಕರಣದಿಂದ ಕೆರೆಯ ಹಕ್ಕಿಗಳನ್ನು ನೋಡಬಹುದು. ಮುಖ್ಯವಾಗಿ, ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ತಾವೇ ಆಕಾಶ ಹುಡುಕುತ್ತಾರೆ. ಮೇಷ್ಟ್ರು ತಿರುಗಿಸಿಟ್ಟ ಕೊಳವೆಗೆ ಕಣ್ಣಿಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ವರ್ಧನೆಯನ್ನು ಹೆಚ್ಚು ಕಡಿಮೆ ಮಾಡುವ 'ಜೂಮ್' ಬೈನಾಕ್ಯುಲರ್, ಮಸೂರಕ್ಕೆ ಕೆಂಪು ಲೇಪವಿರುವ ಬೈನಾಕ್ಯುಲರ್ ಎರಡೂ ಬೇಡ. ಕೆಂಪಾಗಿ ಹೊಳೆಯುವುದೆಂದರೆ ಕೆಂಪು ಬೆಳಕನ್ನು ಒಳಗೆ ಬಿಡದೆ ಹಿಂದಕ್ಕೆ ಕಳಿಸುತ್ತಿದೆ ಎಂದೇ ಅರ್ಥ.

ಅದಕ್ಕಿಂತ ಎರಡು ಮೂರು ಪಟ್ಟು ಹಣ ಕೂಡಿದರೆ ಆಗ ದರ್ಪಣ ದೂರದರ್ಶಕದ ಯೋಚನೆ ಮಾಡಿ. ಒಂದೇ ಅಗಲದ ಬಾಯಿಗೆ ಮಸೂರಕ್ಕಿಂತ ದರ್ಪಣ ಅಗ್ಗ, ಏಕೆಂದರೆ ದರ್ಪಣದಲ್ಲಿ ಉಜ್ಜಿ ಹೊಳಪು ಮಾಡಬೇಕಾದ ಮೈ ಒಂದೇ. 114 ಮಿ.ಮೀ. ವ್ಯಾಸ, 900 ಮಿ.ಮೀ. ಸಂಗಮದೂರದ್ದು ಪ್ರಾಥಮಿಕ ಶಾಲೆಗೆ ಧಾರಾಳವಾಯಿತು. ಶನಿಯ ಉಂಗುರ, ಗುರುವಿನ ಮೋಡದ ಪಟ್ಟಿಗಳು ಅದರಲ್ಲಿ ಸ್ಪಷ್ಟ. (ಶನಿಯ ಉಂಗುರಗಳು 2025ರಲ್ಲಿ ನಮ್ಮ ಕಡೆಗೆ ಅಂಚು ತೋರಿಸಿ ಗೆರೆಯಂತಾಗಿದ್ದವು. ಅಂಥ ಕಾಲದಲ್ಲಿ ಕಾಣದಿದ್ದರೆ ದೂರದರ್ಶಕವನ್ನು ಬೈಯಬೇಡಿ.)

ಅದಕ್ಕೆ ದುಬಾರಿ ಸ್ಟ್ಯಾಂಡೂ ಬೇಕಿಲ್ಲ. ಇದನ್ನು ತೋರಿಸಿಕೊಟ್ಟವರು ಜಾನ್ ಡಾಬ್ಸನ್. ಅವರು 1944ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠ ಸೇರಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಮರದ ಪೆಟ್ಟಿಗೆಯ ಮೇಲಿಟ್ಟು ನೆರೆಹೊರೆಯವರಿಗೆ ಆಕಾಶ ತೋರಿಸುತ್ತಿದ್ದರು. ಈ ಹುಚ್ಚಿನಿಂದಾಗಿ 1967ರಲ್ಲಿ ಮಠವನ್ನೇ ಬಿಡಬೇಕಾಯಿತು. ಮರುವರ್ಷದಿಂದ ಅವರ ಗುಂಪು ರಸ್ತೆ ಬದಿಯಲ್ಲಿ ದೂರದರ್ಶಕ ನಿಲ್ಲಿಸಿ ದಾರಿಹೋಕರನ್ನು ಕರೆಯತೊಡಗಿತು. 2014ರಲ್ಲಿ ತೀರಿಕೊಂಡ ಅವರು ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ. ಪ್ಲೈವುಡ್ಡಿನ ಆ ಪೆಟ್ಟಿಗೆಯನ್ನು ನಮ್ಮ ಊರಿನ ಬಡಗಿ ಒಂದೆರಡು ದಿನದಲ್ಲಿ ಮಾಡಿಕೊಡಬಲ್ಲ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿದರೆ ಮುಗಿಯಿತು.

ಕೊಳ್ಳಲು ಹೋಗುವಾಗ ಒಂದು ಸ್ಕೇಲು, ಒಂದು ಟೇಪು ಜೊತೆಗಿರಲಿ. ನೇತ್ರಕ ಕೂರುವ ತೂತಿನ ವ್ಯಾಸ ಸುಮಾರು 32 ಮಿ.ಮೀ. ಇರಬೇಕು. 24.5 ಮಿ.ಮೀ. ಇದ್ದರೆ ಅದು ಹಳೆಯ ಸಣ್ಣ ಅಳತೆ. ಮುಂದೆ ಒಳ್ಳೆಯ ನೇತ್ರಕ ತಂದರೂ ಕೂರದು. ಇನ್ನು ಟೇಪಿನ ಕೆಲಸ: ಸಾಮಾನ್ಯ ದರ್ಪಣ ದೂರದರ್ಶಕದ ಕೊಳವೆ ಹೆಚ್ಚುಕಡಿಮೆ ಸಂಗಮದೂರದಷ್ಟೇ ಉದ್ದವಿರುತ್ತದೆ. ಕಾಗದದ ಮೇಲೆ 1000 ಮಿ.ಮೀ. ಎಂದಿದ್ದು ಕೊಳವೆ ಅರ್ಧ ಮೀಟರ್ ಮಾತ್ರ ಇದ್ದರೆ ನೇತ್ರಕದ ಬುಡದಲ್ಲಿ ಇನ್ನೊಂದು ಮಸೂರ ಅಡಗಿಸಿದ್ದಾರೆ ಎಂದು ತಿಳಿಯಿರಿ. ಅಗ್ಗದವುಗಳಲ್ಲಿ ಅದರ ಬಿಂಬ ಮಸುಕು, ದರ್ಪಣಗಳನ್ನು ಹೊಂದಿಸುವುದೂ ಕಷ್ಟ. ದರ್ಪಣ ದೂರದರ್ಶಕ ಯಾವುದೇ ಆಗಲಿ, ಅಲುಗಾಟದಿಂದ ದರ್ಪಣಗಳ ಹೊಂದಾಣಿಕೆ ಆಗಾಗ ತಪ್ಪುತ್ತದೆ. ಹಿಂದಿನ ಸ್ಕ್ರೂಗಳನ್ನು ತಿರುಗಿಸಿ ಸರಿಪಡಿಸುವುದನ್ನು ಒಬ್ಬ ಶಿಕ್ಷಕರಾದರೂ ಕಲಿತಿರಬೇಕು. ದೂಳು ಕೂತಿದೆಯೆಂದು ಕರ್ಚೀಫಿನಿಂದ ಒರೆಸಬಾರದು, ಗೀರು ಬೀಳುತ್ತದೆ. ತುಸು ದೂಳಿನಿಂದ ನೋಟಕ್ಕೆ ಏನೂ ಆಗದು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಕೆಲವು ಅಗ್ಗದ ದೂರದರ್ಶಕಗಳ ಜೊತೆ ಸೂರ್ಯನನ್ನು ನೋಡಲೆಂದು ನೇತ್ರಕಕ್ಕೆ ತಿರುಪುವ ಪುಟ್ಟ ಕಪ್ಪು ಗಾಜು ಬರುತ್ತದೆ. ಮಸೂರ ಒಟ್ಟುಗೂಡಿಸಿದ ಬಿಸಿಯೆಲ್ಲ ಬೀಳುವುದು ಅದರ ಮೇಲೆ. ಅದು ಸಿಡಿದರೆ ಕ್ಷಣಾರ್ಧದಲ್ಲಿ ಮಗುವಿನ ಕಣ್ಣು ಹೋಗುತ್ತದೆ. ಪೆಟ್ಟಿಗೆ ತೆರೆದ ದಿನವೇ ಅದನ್ನು ಕಲ್ಲಿನಿಂದ ಜಜ್ಜಿ ಎಸೆಯಿರಿ. ದೂರದರ್ಶಕ, ಬೈನಾಕ್ಯುಲರ್ ಯಾವುದನ್ನೂ ಸೂರ್ಯನತ್ತ ತಿರುಗಿಸಬಾರದು.

ಇಷ್ಟೆಲ್ಲ ನೋಡಿ ತಂದ ದೂರದರ್ಶಕ ಕೊನೆಗೆ ಬೀರು ಸೇರುವುದುಂಟು. ದಾಸ್ತಾನು ವಹಿಯಲ್ಲಿ ನಮೂದಾದ ವಸ್ತು ಒಡೆದರೆ ಯಾರು ಉತ್ತರ ಕೊಡಬೇಕು ಎಂಬ ಮುಖ್ಯ ಶಿಕ್ಷಕರ ಭಯ ನನಗೆ ಅರ್ಥವಾಗುತ್ತದೆ. ತಂದ ದಿನವೇ ಎಸ್‌ಡಿಎಂಸಿ ಸಭೆ ಕರೆದು, ಮಕ್ಕಳ ಬಳಕೆಯಲ್ಲಿ ಕೆಟ್ಟರೆ ರಿಪೇರಿ ಖರ್ಚನ್ನು ಸಮಿತಿಯೇ ನೋಡಿಕೊಳ್ಳುತ್ತದೆ ಎಂದು ಒಂದು ಸಾಲಿನ ನಿರ್ಣಯ ಬರೆಸಿಕೊಳ್ಳಿ. ರಾತ್ರಿ ಮಕ್ಕಳನ್ನು ಕರೆಸುವುದು ಹೇಗೆ ಎಂಬುದು ಇನ್ನೊಂದು ತೊಡಕು. ಹೆಣ್ಣುಮಕ್ಕಳನ್ನು ಕತ್ತಲಾದ ಮೇಲೆ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಅದಕ್ಕೆ ಉಪಾಯ ಪಂಚಾಂಗದಲ್ಲಿದೆ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ ಚಂದ್ರ ಹುಟ್ಟುವುದು ಮಧ್ಯಾಹ್ನದ ಸುಮಾರಿಗೆ. ಶಾಲೆ ಬಿಡುವ ಹೊತ್ತಿಗೆ ಪೂರ್ವದ ಆಕಾಶದಲ್ಲಿ ಸಾಕಷ್ಟು ಮೇಲೆ ಬಂದಿರುತ್ತದೆ. ಕಟ್ಟಡದ ಪೂರ್ವದ ಗೋಡೆಯ ನೆರಳಿನಲ್ಲಿ ದೂರದರ್ಶಕ ನಿಲ್ಲಿಸಿದರೆ ಸೂರ್ಯ ಗೋಡೆಯ ಹಿಂದೆ, ಚಂದ್ರ ಕಣ್ಣ ಮುಂದೆ. ತಿಳಿ ನೀಲಿಯ ನಡುವೆ ಅರ್ಧ ಚಂದ್ರ, ಬೆಳಕು ಕತ್ತಲೆ ಕೂಡುವ ಗಡಿಯಲ್ಲಿ ಸಾಲು ಸಾಲು ಕುಳಿಗಳು. ಡಿಸೆಂಬರಿನಿಂದ ಮಾರ್ಚಿನವರೆಗೆ ತಿಂಗಳಿಗೆ ನಾಲ್ಕೈದು ದಿನ ಹೀಗೆ ಸಿಗುತ್ತವೆ. ಕೊನೆಯ ಪೀರಿಯಡ್ಡಿನಲ್ಲಿ ಆಟಕ್ಕೆ ಬಿಡುವ ಬದಲು ತರಗತಿಯನ್ನು ಗೋಡೆಯ ಬದಿಗೆ ಕರೆದೊಯ್ಯಿರಿ. ಮಗು "ಕಾಣ್ತು" ಎಂದರೆ, ಏನು ಕಂಡಿತೋ ಅದನ್ನು ಸ್ಲೇಟಿನ ಮೇಲೆ ಬರೆದು ತೋರಿಸಲು ಹೇಳಿ.